ಎರಡನೇ ತರಗತಿಯವರೆಗೆ ಮಕ್ಕಳಿಗೆ ಮನೆಯಲ್ಲೇ ಕಲಿಸಬಹುದೇ? ಕಥೋಲಿಕ ಮನೆಯವರ ಸಲಹೆ ಬೇಕು

ಪ್ರಶ್ನೆ: ಕೌಲ್ ಬಜಾರಿನ ತಾಯಿ, ಬಳ್ಳಾರಿ

ನಮ್ಮ ಮಗಳಿಗೆ ಬರುವ ಆಗಸ್ಟಿಗೆ ಆರು ತುಂಬುತ್ತದೆ. ಜೂನ್ 1ಕ್ಕೆ ಆರು ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂಬ ನಿಯಮ ಇರುವುದರಿಂದ ಅವಳು ಯುಕೆಜಿಯನ್ನೇ ಇನ್ನೊಂದು ವರ್ಷ ಓದಬೇಕು, ಶುಲ್ಕ ಪೂರ್ತಿ ಕಟ್ಟಬೇಕು ಎಂದು ಶಾಲೆಯವರು ಹೇಳಿದ್ದಾರೆ. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಎಳೆಯ ಮಕ್ಕಳನ್ನು ಅವಸರದಲ್ಲಿ ಮುಂದಕ್ಕೆ ದಬ್ಬಬಾರದು ಎಂದು ನಾನೂ ನಂಬುತ್ತೇನೆ. ಆದರೆ ಈ ಒಂದು ವರ್ಷ ಏನು ಮಾಡುವುದು ಎಂದು ಮಾತನಾಡುತ್ತ ಕುಳಿತ ನಾನೂ ಯಜಮಾನರೂ ಅದಕ್ಕಿಂತ ದೊಡ್ಡ ವಿಷಯಕ್ಕೆ ಬಂದುಬಿಟ್ಟೆವು. ಈ ವರ್ಷ, ಆಮೇಲೆ ಒಂದನೇ ತರಗತಿ, ಎರಡನೇ ತರಗತಿ, ಇಷ್ಟನ್ನೂ ಮನೆಯಲ್ಲೇ ಕಲಿಸಿ ಮೂರನೆಯದಕ್ಕೆ ಶಾಲೆಗೆ ಸೇರಿಸಿದರೆ ಹೇಗೆ? ಅವಳ ಹಿಂದೆಯೇ ಮೂರೂವರೆ ವರ್ಷದ ತಮ್ಮನಿದ್ದಾನೆ. ಅಕ್ಕನಿಗೆ ಮಾಡಿದ್ದೇ ಅವನಿಗೂ ಆಗುತ್ತದೆ.

ಯಾಕೆ ಈ ಯೋಚನೆ ಬಂತು ಎಂದು ಹೇಳಬೇಕು. ಯಜಮಾನರಿಗೆ ತೋರಣಗಲ್ಲಿನಲ್ಲಿ ಪಾಳಿಯ ಕೆಲಸ. ಬಿ ಶಿಫ್ಟ್ ಇರುವ ವಾರದಲ್ಲಿ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅವರು ಹೋಗಿರುತ್ತಾರೆ, ಅವರು ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ವಾರದ ರಜೆ ಭಾನುವಾರವೇ ಸಿಗುತ್ತದೆಂಬ ಖಾತ್ರಿಯಿಲ್ಲ. ಮಂಗಳವಾರವೋ ಗುರುವಾರವೋ ಅವರು ಮನೆಯಲ್ಲಿದ್ದರೆ ಅಂದು ಮಗಳು ಶಾಲೆಯಲ್ಲಿ. ತಂದೆಯೊಡನೆ ಕುಳಿತು ಜಪಸರ ಹೇಳುವುದು ನಮ್ಮ ಮನೆಯಲ್ಲಿ ಜಪಸರದ ತಿಂಗಳಾದ ಅಕ್ಟೋಬರಿನಲ್ಲೂ ಅಪರೂಪವಾಗಿದೆ.

ಎರಡನೆಯದು ಭಾಷೆ. ಅತ್ತೆ ಮುದಗಲ್ಲಿನವರು. ಆ ಊರಿನ ಕಥೋಲಿಕರು ಆದಿಲ್‌ಶಾಹಿ ಕಾಲದಿಂದ ಕನ್ನಡದಲ್ಲೇ ಪ್ರಾರ್ಥಿಸಿಕೊಂಡು ಬಂದವರು. ಅತ್ತೆಗೆ ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆಯ ಹಾದಿಯ ಹದಿನಾಲ್ಕೂ ಸ್ಥಳಗಳ ಪ್ರಾರ್ಥನೆ ಬಾಯಿಪಾಠ. ಮಗಳು ‘ನಮೋ ಮರಿಯ’ವನ್ನು ಅವರ ಮಡಿಲಲ್ಲೇ ಕಲಿತಳು. ಈಗ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿಸಿದ್ದಾರೆ, ತಪ್ಪಲ್ಲ. ಆದರೆ ಅಜ್ಜಿ ಪ್ರಾರ್ಥನೆ ಆರಂಭಿಸಿದರೆ ಅವಳು ತುಟಿ ಬಿಗಿಹಿಡಿದು ಕೂರುತ್ತಾಳೆ. ಕನ್ನಡದಲ್ಲಿ ಹೇಳಿದರೆ ತಪ್ಪಾಗುತ್ತದೆ ಎಂದು ಅವಳ ತಲೆಯಲ್ಲಿ ಹೇಗೋ ಕುಳಿತಿದೆ. ಕನ್ನಡ ಅಕ್ಷರ ಅವಳಿಗೆ ಒಂದೂ ಬರುವುದಿಲ್ಲ. ಐದೂವರೆ ವರ್ಷದ ಮಗು ದಿನಾ ಸಂಜೆ ಎರಡು ಪುಟ ಇಂಗ್ಲಿಷ್ ಕಾಪಿ ಬರೆಯಬೇಕು. ಪೆನ್ಸಿಲನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾಳೆಂದರೆ ಹೆಬ್ಬೆರಳಿನ ತುದಿ ಬಿಳಿಚಿಕೊಂಡು, ಉಗುರಿನ ಪಕ್ಕ ಗುಳಿ ಬಿದ್ದಿರುತ್ತದೆ. ನನಗೆ ಅದನ್ನು ನೋಡಲಾಗುವುದಿಲ್ಲ.

ನಾನು ಬಿ.ಕಾಂ. ಓದಿದವಳು, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ, ಮಗ ಹುಟ್ಟಿದ ಮೇಲೆ ಬಿಟ್ಟೆ. ಓದು, ಬರಹ, ಕೂಡು ಕಳೆ ಲೆಕ್ಕ ಕಲಿಸುವಷ್ಟು ಧೈರ್ಯ ನನಗಿದೆ.

ತವರಿನಲ್ಲಿ ಮಾತ್ರ ಯಾರೂ ಒಪ್ಪುತ್ತಿಲ್ಲ. ನಮ್ಮ ತಂದೆ ಸಿಸ್ಟರುಗಳ ಶಾಲೆಯಲ್ಲಿ ಓದಿ ಮುಂದೆ ಬಂದವರು. “ಊರ ಮಕ್ಕಳಿಗೆಲ್ಲ ಶಾಲೆ ತೆರೆದವರು ನಮ್ಮವರು. ನಮ್ಮ ಮನೆಯ ಕೂಸನ್ನೇ ಶಾಲೆಗೆ ಕಳಿಸದಿದ್ದರೆ ಸಿಸ್ಟರುಗಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?” ಎಂದು ಕೇಳುತ್ತಾರೆ. ಅವರ ಈ ಮಾತು ನನಗೆ ಕಾನೂನಿಗಿಂತ ಭಾರವಾಗಿದೆ.

ನನ್ನ ಪ್ರಶ್ನೆಗಳು ಮೂರು. ಹೀಗೆ ಮಾಡಲು ಧರ್ಮಸಭೆಯ ಒಪ್ಪಿಗೆ ಇದೆಯೇ? ಸರ್ಕಾರದ ಕಡೆಯಿಂದ ತೊಂದರೆ ಬರುತ್ತದೆಯೇ? ಮುಂದೆ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ, ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಎಂದು ಹೋದಾಗ ಮಗಳಿಗೆ ಬಾಗಿಲು ಮುಚ್ಚುತ್ತದೆಯೇ? ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ನಿವೃತ್ತ ಶಿಕ್ಷಕಿ, ರಾಯಚೂರು

ತಾಯೀ, ನಾನು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಗೇ ಹೆಚ್ಚಾಗಿ ಕಲಿಸಿದವಳು. ಮೊದಲು ಕಾನೂನು ಹೇಳಿಬಿಡುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗನ ವಿಷಯದಲ್ಲಿ ಈಗ ಯಾರೂ ಏನೂ ಕೇಳುವಂತಿಲ್ಲ. ಮಗಳ ವಿಷಯವೂ ಆರು ತುಂಬುವವರೆಗೆ ಹಾಗೆಯೇ. ಆರರ ಮೇಲೆ, ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಕಾಯ್ದೆಯ 10ನೇ ಕಲಂ ಹೇಳುತ್ತದೆ. ತಪ್ಪಿದರೆ ತಂದೆತಾಯಿಗೆ ಶಿಕ್ಷೆ ಎಂದು ಆ ಕಾಯ್ದೆಯಲ್ಲಿ ಇಲ್ಲ. ಮನೆಯಲ್ಲಿ ಕಲಿಸುವುದನ್ನು ಅದು ಹೆಸರಿಸಿ ನಿಷೇಧಿಸಿಲ್ಲ, ಹೆಸರಿಸಿ ಮಾನ್ಯ ಮಾಡಿಯೂ ಇಲ್ಲ. ಹೀಗಾಗಿ ಆರು ದಾಟಿದ ಮೇಲೆ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ಶಿಕ್ಷಣ ಇಲಾಖೆಯ ಸಿಆರ್‌ಪಿಯೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಿಕ್ಷಕರೋ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಬಂದವರ ಮೇಲೆ ಸಿಟ್ಟಾಗಬೇಡಿ. ಅವರು ಹುಡುಕುತ್ತಿರುವುದು ಹೊಲಕ್ಕೆ, ಕೂಲಿಗೆ ಹೋದ ಮಕ್ಕಳನ್ನು. ಕೂರಿಸಿ, ನೀರು ಕೊಟ್ಟು, ಮಗು ಓದುವುದನ್ನು ತೋರಿಸಿ.

ಕಾಯ್ದೆಯ 4ನೇ ಕಲಂ ನಿಮಗೆ ಬಹಳ ಮುಖ್ಯ. ಆರು ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಎಂಟು ದಾಟಿದ ಮಗಳನ್ನು ಮತ್ತೆ ಒಂದನೇ ತರಗತಿಯಲ್ಲಿ ಕೂರಿಸುತ್ತಾರೆಂಬ ಭಯ ಸರ್ಕಾರಿ ಶಾಲೆಯ ಮಟ್ಟಿಗೆ ಬೇಡ. ಆದರೆ ಒಂದು ಎಚ್ಚರ. ಕ್ರೈಸ್ತರ ಶಾಲೆಗಳೂ ಸೇರಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಮುಂದೆ ಸಿಸ್ಟರುಗಳ ಶಾಲೆಗೇ ಸೇರಿಸುವ ಮನಸ್ಸಿದ್ದರೆ ಈಗಲೇ ಹೋಗಿ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮನಬಿಚ್ಚಿ ಮಾತನಾಡಿ. ನಿಮ್ಮ ತಂದೆಯವರ ಸಂಕೋಚಕ್ಕೂ ಅದೇ ಮದ್ದು.

ಸಿಇಟಿಗೆ ಬೇಕಾದ್ದು ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರುವುದು, ಜೊತೆಗೆ ಎಸ್‌ಎಸ್‌ಎಲ್‌ಸಿಯನ್ನೋ ಪಿಯುಸಿಯನ್ನೋ ಇಲ್ಲಿಯೇ ಪಾಸು ಮಾಡಿರುವುದು. ಮೂರನೆಯದಕ್ಕೆ ಸೇರಿದರೆ ಅವಳಿಗೆ ಹತ್ತು ವರ್ಷ ಸಿಗುತ್ತದೆ. ಚಿಂತೆಯಿಲ್ಲ. 371ಜೆ ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಮಗಳು ಬಳ್ಳಾರಿಯಲ್ಲೇ ಹುಟ್ಟಿದ್ದರೆ ಜನನ ಪ್ರಮಾಣಪತ್ರವೇ ದೊಡ್ಡ ಆಧಾರ. ಆ ಮೀಸಲಾತಿಯನ್ನು ಹಗುರವಾಗಿ ಕಾಣಬೇಡಿ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಎಂಟು ನಮ್ಮ ಮಕ್ಕಳಿಗೆ ಮೀಸಲು. ಎರಡರ ಬದಲು ಎಂಟನೇ ತರಗತಿಯವರೆಗೂ ಮನೆಯಲ್ಲೇ ಎಂದು ಮುಂದೆ ಮನಸ್ಸು ಬದಲಾದರೆ ಮಾತ್ರ ಸಿಇಟಿಯ ಏಳು ವರ್ಷದ ಲೆಕ್ಕ ತಪ್ಪುತ್ತದೆ, ನೆನಪಿರಲಿ.

ಇನ್ನು ಪೆನ್ಸಿಲ್. ಬೆರಳು ಬಿಳಿಚುತ್ತಿದೆ ಎಂದರೆ ಕೈ ಇನ್ನೂ ಸಿದ್ಧವಾಗಿಲ್ಲ. ಕಾಪಿ ಬರೆಸುವುದನ್ನು ಇವತ್ತೇ ನಿಲ್ಲಿಸಿ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುವಾಗ ಪಕ್ಕದಲ್ಲಿ ಕೂರಿಸಿ ಕಲ್ಲು ಆರಿಸಲು ಹೇಳಿ. ಆರಿಸಿದ ಕಲ್ಲುಗಳನ್ನು ಹತ್ತು ಹತ್ತರ ಗುಂಪು ಮಾಡಲಿ, ಲೆಕ್ಕವೂ ಆಯಿತು. ಮೊರದಲ್ಲಿ ಉಳಿದ ಜೋಳವನ್ನು ತೆಳ್ಳಗೆ ಹರಡಿ ಅದರ ಮೇಲೆ ತೋರುಬೆರಳಿನಿಂದ ‘ರ’ ಬರೆಯಲಿ, ಆಮೇಲೆ ‘ಗ’, ‘ಸ’, ‘ದ’, ‘ಅ’. ವರ್ಣಮಾಲೆಯ ಕ್ರಮದಲ್ಲೇ ಹೋಗಬೇಕೆಂದಿಲ್ಲ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಅಕ್ಷರಗಳನ್ನು ಗುಂಪು ಮಾಡಿ ಕಲಿಸಿದರೆ ಬೇಗ ಪದ ಕಟ್ಟಲು ಬರುತ್ತದೆ: ರಸ, ಸರ, ದರ, ಅರಸ, ಸರಸರ. ನಲಿ ಕಲಿಯಲ್ಲಿ ನಾವು ಮಾಡುತ್ತಿದ್ದದ್ದು ಇದನ್ನೇ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ಪದ್ಧತಿ ಅದು. ಗೊತ್ತಿರುವ ಶಿಕ್ಷಕರಿದ್ದರೆ ಅದರ ಕಾರ್ಡುಗಳನ್ನು ಒಮ್ಮೆ ಕೇಳಿ ನೋಡಿ.

ನಿಮಗೆ ಸಾಧ್ಯ ಎಂದೇ ನನ್ನ ಅಭಿಪ್ರಾಯ. ಒಬ್ಬ ಶಿಕ್ಷಕಿ ನಲವತ್ತು ಮಕ್ಕಳ ಕೈಬೆರಳು ನೋಡಲಾಗುವುದಿಲ್ಲ. ನೀವು ನೋಡಿದ್ದೀರಿ.

ಉತ್ತರ: ಧರ್ಮೋಪದೇಶಕ, ಗಂಗಾವತಿ

ಅಕ್ಕಾ, ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಬಲ್ಲೆ. ಇದಕ್ಕೆ ಬೇರೆ ಒಪ್ಪಿಗೆ ಬೇಡ. ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಯೇ ಎಂದು ಜಗತ್ತಿನ ಬಿಷಪರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಹೇಳಿದೆ. ಅದಕ್ಕೂ ಒಂದು ವರ್ಷ ಮೊದಲೇ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಅದೇ ಮಹಾಸಭೆ ಕರೆದಿತ್ತು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 793ನೇ ಕಲಂ ಮಕ್ಕಳಿಗೆ ಶಿಕ್ಷಣ ಕೊಡುವ ಹೊಣೆಯನ್ನೂ ಅದರ ದಾರಿಯನ್ನು ಆರಿಸಿಕೊಳ್ಳುವ ಹಕ್ಕನ್ನೂ ಪೋಷಕರಿಗೇ ಕೊಟ್ಟಿದೆ.

ಆದರೆ ನಿಮ್ಮ ತಂದೆಯವರ ಮಾತಿಗೂ ಅಲ್ಲಿಯೇ ಆಧಾರವಿದೆ. ಶಿಕ್ಷಣದ ಸಾಧನಗಳಲ್ಲಿ ಶಾಲೆಯನ್ನು ಬಹಳ ಗೌರವದಿಂದ ಕಾಣಬೇಕು ಎನ್ನುವುದು 796ನೇ ಕಲಂ. ಕಥೋಲಿಕ ಶಿಕ್ಷಣ ಕೊಡುವ ಶಾಲೆಗೆ ಮಕ್ಕಳನ್ನು ಕಳಿಸಿ, ಆಗದಿದ್ದರೆ ಶಾಲೆಯ ಹೊರಗೆ ಆ ಶಿಕ್ಷಣ ಸಿಗುವಂತೆ ನೋಡಿಕೊಳ್ಳಿ ಎನ್ನುವುದು 798ನೇ ಕಲಂ. ಎರಡನ್ನೂ ಓದಿದಾಗ ನನಗೆ ಅರ್ಥವಾಗುವುದು ಇಷ್ಟು: ಶಾಲೆಯ ಮೇಲಿನ ಮುನಿಸಿನಿಂದ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಕೊಡಬೇಕಾದ್ದು ಇದೆ ಎಂದು ಇಟ್ಟುಕೊಳ್ಳಿ.

ಪ್ರಥಮ ಪರಮಪ್ರಸಾದದ, ಅಂದರೆ ಮಗು ಬಲಿಪೂಜೆಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವುದರ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಏಳು ವರ್ಷ ತುಂಬಿದ ಮಗುವಿಗೆ ವಿವೇಕ ಬಂದಿದೆ ಎಂದು ಧರ್ಮಸಭೆ ಎಣಿಸುತ್ತದೆ. ಮಗುವನ್ನು ಪಾಪನಿವೇದನೆಗೂ ಪರಮಪ್ರಸಾದಕ್ಕೂ ಸಿದ್ಧಪಡಿಸುವ ಹೊಣೆ 914ನೇ ಕಲಂ ಪ್ರಕಾರ ಮೊದಲು ತಂದೆತಾಯಿಯದು, ಜೊತೆಗೆ ಧರ್ಮಕೇಂದ್ರದ ಗುರುಗಳದು. ಸಿದ್ಧವಾಗಿದೆಯೇ ಎಂದು ನೋಡುವವರು ಗುರುಗಳು. ಹಾಗಾಗಿ ಭಾನುವಾರದ ಧರ್ಮೋಪದೇಶ ತರಗತಿಯನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. ನಮ್ಮ ಧರ್ಮಪ್ರಾಂತ್ಯದಲ್ಲಿ ಕಥೋಲಿಕ ಮನೆಗಳು ಚದುರಿಕೊಂಡಿವೆ. ಇಲ್ಲಿ ಗಂಗಾವತಿಯಲ್ಲಿ ನನ್ನ ಮುಂದೆ ಕೂರುವ ಮಕ್ಕಳು ಬೆರಳೆಣಿಕೆಯಷ್ಟು. ತಮ್ಮಂತೆಯೇ ಶಿಲುಬೆ ಗುರುತು ಹಾಕಿಕೊಳ್ಳುವ ಇನ್ನೊಂದು ಮಗುವನ್ನು ಅವರು ವಾರವಿಡೀ ನೋಡಿರುವುದಿಲ್ಲ. ತರಗತಿ ಮುಗಿದರೂ ಅಂಗಳ ಬಿಟ್ಟು ಹೋಗಲು ಅವರಿಗೆ ಮನಸ್ಸಿರುವುದಿಲ್ಲ.

ಅತ್ತೆಯವರ ಬಾಯಲ್ಲಿರುವ ಶಿಲುಬೆಯ ಹಾದಿಯನ್ನು ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಮುದಗಲ್ಲಿನ ಆ ರಾಗ ಈ ಕಡೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಉತ್ತರ: ಶಕ್ತಿನಗರದ ಅಪ್ಪ

ನಾವು ಮಾಡಿದ್ದೇವೆ. ಮಗನಿಗೆ ಒಂದು ಮತ್ತು ಎರಡನೇ ತರಗತಿ ಮನೆಯಲ್ಲಿ, ಮೂರನೆಯದಕ್ಕೆ ಸರ್ಕಾರಿ ಶಾಲೆ. ನಾನೂ ಪಾಳಿಯವನೇ, ವಿದ್ಯುತ್ ಸ್ಥಾವರದಲ್ಲಿ. ನಿಮ್ಮ ಯಜಮಾನರ ಪರಿಸ್ಥಿತಿ ನನಗೆ ಗೊತ್ತು.

ಪಾಠಕ್ಕೆ ದಿನಕ್ಕೆ ಎರಡು ತಾಸು ಸಾಕು. ಅದಕ್ಕಿಂತ ಹೆಚ್ಚು ಕೂರಿಸಿದರೆ ಮಗುವಿಗೂ ಬೇಸರ, ತಾಯಿಗೂ ಸುಸ್ತು. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಕುಳಿತು ಒಂಬತ್ತಕ್ಕೆ ಮುಗಿಸುತ್ತಿದ್ದೆವು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಆಮೇಲೆ ಯಾರ ತಲೆಗೂ ಏನೂ ಹೋಗುವುದಿಲ್ಲ. ನಳಕ್ಕೆ ನೀರು ಬಿಡುವ ದಿನ, ನೆಂಟರು ಬಂದ ದಿನ ಪಾಠ ಇಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದೆವು. ನನ್ನ ರಜೆ ಯಾವ ದಿನ ಬಂದರೂ ಅದು ಗಣಿತದ ದಿನ. ಅವನನ್ನು ಕೃಷ್ಣಾ ಸೇತುವೆಯ ಕಡೆಗೆ ಕರೆದುಕೊಂಡು ಹೋಗಿ ಲಾರಿಗಳ ಚಕ್ರ ಎಣಿಸುತ್ತಿದ್ದೆವು. ಆರು ಚಕ್ರದವು ಎಷ್ಟು, ಹತ್ತು ಚಕ್ರದವು ಎಷ್ಟು, ಒಟ್ಟು ಎಷ್ಟು. ಮಗ್ಗಿ ಅಲ್ಲಿಯೇ ಬಂತು.

ಕಷ್ಟ ಆದದ್ದು ಎಲ್ಲಿ ಎಂದೂ ಹೇಳಬೇಕು. ಹನ್ನೊಂದು ಗಂಟೆಗೆ ಓಣಿಯ ಮಕ್ಕಳೆಲ್ಲ ಶಾಲೆಯಲ್ಲಿ ಇರುತ್ತಾರೆ. ಇವನು ಬಾಗಿಲಲ್ಲಿ ನಿಂತು ಖಾಲಿ ಓಣಿ ನೋಡುತ್ತಿದ್ದ. ಸಂಜೆ ಅವರು ಬಂದ ಮೇಲೆ ಮಾತೆಲ್ಲ ಶಾಲೆಯದೇ. ಯಾರಿಗೆ ಏನಾಯಿತು, ಬಿಸಿಯೂಟಕ್ಕೆ ಏನಿತ್ತು. ಅವನಿಗೆ ಸೇರಿಸಲು ಮಾತೇ ಇರುತ್ತಿರಲಿಲ್ಲ. ನಿಮ್ಮಲ್ಲಿ ಇಬ್ಬರು ಮಕ್ಕಳಿರುವುದು ಸ್ವಲ್ಪ ಅನುಕೂಲ. ಆದರೂ ಸಂಜೆಯ ಆಟವನ್ನು ಪಾಠದಷ್ಟೇ ಕಟ್ಟುನಿಟ್ಟಾಗಿ ಇಟ್ಟುಕೊಳ್ಳಿ.

ಶಾಲೆಗೆ ಸೇರಿದ ಮೇಲೆ ಓದುವುದರಲ್ಲಿ ಮುಂದಿದ್ದ, ಬರೆಯುವ ವೇಗದಲ್ಲಿ ಹಿಂದಿದ್ದ. ದಸರೆ ರಜೆಯ ಹೊತ್ತಿಗೆ ಸರಿಹೋಯಿತು. ರಾತ್ರಿ ಪ್ರಾರ್ಥನೆಗೆ ಇವತ್ತಿಗೂ ಅವನೇ ಎಲ್ಲರನ್ನೂ ಕರೆಯುತ್ತಾನೆ.

ಉತ್ತರ: ಮಾನ್ವಿ ತಾಲೂಕಿನವನು

ಅಕ್ಕಾ, ಎಲ್ಲರೂ ಮಾಡಿ ಎನ್ನುತ್ತಿದ್ದಾರೆ. ನಾನು ಬೇಡ ಎನ್ನುತ್ತೇನೆ, ತಪ್ಪು ತಿಳಿಯಬೇಡಿ.

ನಾವೂ ಕಥೋಲಿಕರೇ. ಊರ ಹೊರಗಿನ ಕೇರಿಯವರು. ನಮ್ಮ ತಾಯಿ ಶಾಲೆಯ ಮೆಟ್ಟಿಲು ಹತ್ತಿಲ್ಲ. ಮಗು ಮನೆಯಲ್ಲಿ ಇರುವುದು ಎಂದರೆ ನಮ್ಮ ಕಡೆ ಓದುವುದಲ್ಲ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ಹತ್ತಿಯ ಕಾಲಕ್ಕೆ ತರಗತಿಯ ಹಿಂದಿನ ಸಾಲುಗಳು ಈಗಲೂ ಖಾಲಿಯಾಗುತ್ತವೆ. ನಾನು ಓದಿದ್ದು ಮನೆಗೆ ಬಂದು ಎಬ್ಬಿಸಿಕೊಂಡು ಹೋದ ಒಬ್ಬ ಫಾದರ್ ದೆಸೆಯಿಂದ. ಶಾಲೆಯಲ್ಲಿ ಮೊದಲ ಸಲ ಗೌಡರ ಮಗನ ಪಕ್ಕ ಒಂದೇ ಚಾಪೆಯಲ್ಲಿ ಕುಳಿತೆ. ಆ ಪಾಠವನ್ನು ನನಗೆ ಮನೆಯಲ್ಲಿ ಯಾರೂ ಕಲಿಸಲಾಗುತ್ತಿರಲಿಲ್ಲ, ಗೌಡರ ಮಗನಿಗೆ ಅವರ ಮನೆಯಲ್ಲಿ ಕಲಿಸುತ್ತಲೂ ಇರಲಿಲ್ಲ.

ನಿಮ್ಮ ಮಗಳಿಗೆ ನೀವಿದ್ದೀರಿ, ಅವಳು ಓದಿಯೇ ಓದುತ್ತಾಳೆ. ಆದರೆ ಬಿ.ಕಾಂ. ಓದಿದ ತಾಯಿಯೇ ಮಗಳನ್ನು ಶಾಲೆಗೆ ಕಳಿಸುವುದಿಲ್ಲ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದರೆ, ಜೀನ್ಸ್ ಹೊಲಿಯುವ ಮನೆಗಳಲ್ಲಿ ಗುಂಡಿ ಹಚ್ಚಲು ಕೂತ ಹುಡುಗಿಯನ್ನು ಎಬ್ಬಿಸಿ ಶಾಲೆಗೆ ಕಳಿಸಿ ಎಂದು ಕೇಳುವವರ ಮಾತಿಗೆ ಬೆಲೆ ಇರುತ್ತದೆಯೇ? ಕೌಲ್ ಬಜಾರಿನಲ್ಲಿ ಅಂಥ ಮನೆಗಳು ನಿಮ್ಮ ಪಕ್ಕದಲ್ಲೇ ಇರಬೇಕು. ನಿಮ್ಮಂಥ ತಾಯಂದಿರು ಪೋಷಕರ ಸಭೆಯಲ್ಲಿ ಎದ್ದು ನಿಂತು ‘ಐದು ವರ್ಷದ ಮಗುವಿಗೆ ಎರಡು ಪುಟ ಕಾಪಿ ಯಾಕೆ’ ಎಂದು ಕೇಳಬೇಕು. ನೀವು ಹೊರಗೆ ಬಂದುಬಿಟ್ಟರೆ ಉಳಿದ ಮಕ್ಕಳ ಬೆರಳು ಬಿಳಿಚುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರಿಂದ: ಕೌಲ್ ಬಜಾರಿನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಯಜಮಾನರು ಬಂದ ಮೇಲೆ ಇಬ್ಬರೂ ಕುಳಿತು ಓದಿದೆವು. ಅತ್ತೆಗೂ ಓದಿ ಹೇಳಿದೆ.

ಮಾನ್ವಿಯ ಅಣ್ಣಾ, ನಿಮ್ಮ ಮಾತು ಓದಿ ನಿದ್ದೆ ಬರಲಿಲ್ಲ. ನಮ್ಮ ಎದುರು ಮನೆಯಲ್ಲೇ ಹೊಲಿಗೆ ಯಂತ್ರಗಳಿವೆ. ಅಲ್ಲಿಯ ದೊಡ್ಡ ಹುಡುಗಿ ಏಳನೆಯದಕ್ಕೆ ಶಾಲೆ ಬಿಟ್ಟು ದಾರ ಕತ್ತರಿಸಲು ಕೂತಿದ್ದಾಳೆ. ಅವಳ ತಾಯಿಯ ಎದುರು ನಾನು ಯಾವ ಬಾಯಲ್ಲಿ ಮಾತನಾಡಲಿ ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೂ ಆರು ವರ್ಷದ ಮಗಳ ಹೆಗಲ ಮೇಲೆ ಓಣಿಯ ಭಾರವನ್ನೆಲ್ಲ ಇಡಲು ನನಗೆ ಮನಸ್ಸು ಬರುತ್ತಿಲ್ಲ. ಆ ಭಾರ ಹೊರಬೇಕಾದವರು ನಾವು ದೊಡ್ಡವರು. ಆ ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸುವ ಬಗ್ಗೆ ಅವಳ ತಾಯಿಯ ಹತ್ತಿರ ಮಾತನಾಡುತ್ತೇನೆ. ಶಿಕ್ಷಕಿಯಮ್ಮ ಹೇಳಿದ 4ನೇ ಕಲಂ ಅವಳಿಗೂ ಅನ್ವಯಿಸುತ್ತದಲ್ಲವೇ?

ನಾವು ಸದ್ಯಕ್ಕೆ ನಿಶ್ಚಯಿಸಿದ್ದು ಇದು. ಯುಕೆಜಿ ಮತ್ತೆ ಬೇಡ. ಈ ಜೂನಿನಿಂದ ಮುಂದಿನ ಮೇವರೆಗೆ ಮನೆಯಲ್ಲೇ, ಕನ್ನಡದಲ್ಲೇ. ಆ ಮೇಲಿನ ಎರಡು ವರ್ಷದ ಮಾತನ್ನು ಈಸ್ಟರ್ ಕಳೆದ ಮೇಲೆ ಮತ್ತೆ ಆಡುತ್ತೇವೆ. ಮಗಳು ಓಣಿಯನ್ನೇ ನೋಡುತ್ತ ಬಾಗಿಲಲ್ಲಿ ನಿಲ್ಲುವಂತಾದರೆ ಒಂದನೇ ತರಗತಿಗೇ ಕಳಿಸುತ್ತೇವೆ, ಹಟ ಹಿಡಿಯುವುದಿಲ್ಲ. ಭಾನುವಾರ ಬಲಿಪೂಜೆಯ ನಂತರ ಸಿಸ್ಟರ್ ಅವರನ್ನು ಕಂಡು ವಿಷಯ ತಿಳಿಸುತ್ತೇನೆ. ತಂದೆಯವರನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತೇನೆ, ಅವರ ಕಡೆಯ ಮಾತನ್ನು ಅವರೇ ಆಡಲಿ.

ಒಂದು ಸಂದೇಹ ಉಳಿದಿದೆ. ಜನನ ಪ್ರಮಾಣಪತ್ರದಲ್ಲಿ ಮಗಳಿಗೆ ಒಂದೇ ಹೆಸರಿದೆ, ಆಧಾರ್‌ನಲ್ಲಿ ದೀಕ್ಷಾಸ್ನಾನದ ಹೆಸರೂ ಸೇರಿಕೊಂಡಿದೆ. ಇದರಿಂದ ಮುಂದೆ ತೊಡಕಾಗುತ್ತದೆಯೇ?

ಉತ್ತರ: ನಿವೃತ್ತ ಶಿಕ್ಷಕಿ, ರಾಯಚೂರು

ಎದುರು ಮನೆಯ ಹುಡುಗಿಗೆ ಹದಿನಾಲ್ಕು ತುಂಬಿಲ್ಲದಿದ್ದರೆ 4ನೇ ಕಲಂ ಖಂಡಿತ ಅನ್ವಯಿಸುತ್ತದೆ. ಸೇರಿದ ಮೇಲೆ ಹದಿನಾಲ್ಕು ದಾಟಿದರೂ ಎಂಟನೆಯದು ಮುಗಿಸುವ ಹಕ್ಕು ಅವಳಿಗಿದೆ. ತಡಮಾಡಬೇಡಿ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಾಣಿ. ಹಳೆಯ ಶಾಲೆಯ ವರ್ಗಾವಣೆ ಪತ್ರ ಸಿಗುವುದು ತಡವಾಗುತ್ತದೆ ಎಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಅದೂ ಕಾಯ್ದೆಯಲ್ಲೇ ಇದೆ.

ಹೆಸರಿನ ತೊಡಕು ನಿಜವಾದ ತೊಡಕೇ. ಶಾಲೆಯ ದಾಖಲೆಗೆ ಒಮ್ಮೆ ಬಿದ್ದ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೂ ಹೋಗುತ್ತದೆ. ಯಾವ ಹೆಸರು ಬೇಕೆಂದು ಮನೆಯಲ್ಲಿ ನಿರ್ಧರಿಸಿ, ಶಾಲೆಗೆ ಸೇರಿಸುವ ಮೊದಲೇ ಎರಡೂ ಕಾಗದಗಳಲ್ಲಿ ಒಂದೇ ರೀತಿ ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಯಜಮಾನರಿಗೆ ಬಿ ಶಿಫ್ಟ್ ಇರುವ ವಾರ ನೋಡಿಕೊಂಡು ಬೆಳಿಗ್ಗೆಯೇ ಹೋಗಿಬನ್ನಿ.